ಅಗ್ಗದ ರಂದಾ, ಸವೆದ ಹಲಗೆ

ರಂದಾ ಕೆಟ್ಟದ್ದಿರಲಿಲ್ಲ. ನನ್ನ ಮಗ ಅದನ್ನು ಮಸೆಯದೆ ಕಟ್ಟಿಗೆಗೆ ಹಚ್ಚಿದ, ಅದು ಕಚ್ಚಿ ನಿಂತಿತು, ಅವನು ಅದಕ್ಕೆ ಕೆಟ್ಟ ಹೆಸರು ಕೊಟ್ಟ. ನಡೆದದ್ದು ಇಷ್ಟೇ. ಮುದುಕಿ ಪೇಟೆಯಲ್ಲಿ ಮೋಸ ಹೋಗಿ ಬಂದಳು ಎಂದು ಬಳಗದವರು ಈಗಲೂ ಹೇಳುತ್ತಾರೆ. ಹೇಳಲಿ.

ರಂದಾ ಎಂದರೆ ಬಡಿಗರು ಹಲಗೆಯ ಮೇಲೆ ತಳ್ಳಿ ಅದರ ಮೈ ಸಮ ಮಾಡುವ ಸಾಮಾನು. ನಮ್ಮ ಮನೆಯವರು ಕಮಲಾಪುರದಲ್ಲಿ ಬಡಿಗರಾಗಿದ್ದರು. ಅವರು ಇದ್ದಷ್ಟು ವರ್ಷವೂ ಅವರ ರಂದಾದ ಅಲಗು ಮಸೆದವಳು ನಾನು. ಕೂತು ಮಸೆಯುವ ತಾಳ್ಮೆ ಅವರಿಗಿರಲಿಲ್ಲ. ಆದರೆ ಒಂದು ದಿನವೂ ಅದನ್ನು ನನ್ನ ಕೈಯಿಂದ ಹಲಗೆಯ ಮೇಲೆ ತಳ್ಳಿಸಲಿಲ್ಲ. ಹೆಂಗಸರು ಮಸೆಯಬಹುದು, ರಂದಾ ಹೊಡೆಯಬಾರದು. ಈ ಕಟ್ಟಳೆ ಯಾರು ಮಾಡಿದ್ದು ಎಂದು ಒಮ್ಮೆ ಅತ್ತೆಯನ್ನು ಕೇಳಿದ್ದೆ. "ಮೊದಲಿಂದ ಹಂಗೇ ಅದ. ಸುಮ್ನ ಮಸಿ," ಎಂದಿದ್ದರು.

ಅವರು ತೀರಿದ ಮೇಲೆ ನಾನು ಜೋಳದ ರೊಟ್ಟಿ ಬಡಿದು ಒಂದು ಖಾನಾವಳಿಗೆ ಕೊಡುತ್ತೇನೆ. ಅದರಲ್ಲೇ ನನ್ನ ಹೊಟ್ಟೆ ನಡೆಯುತ್ತದೆ, ಯಾರ ಹಂಗೂ ಇಲ್ಲ. ಅವರು ಮಾಡಿಕೊಟ್ಟ ಸಾಗವಾನಿ ಹಲಗೆ ಬಡಿದು ಬಡಿದು ನಡುವೆ ತಗ್ಗು ಬಿದ್ದಿತ್ತು. ತಗ್ಗಿನಲ್ಲಿ ಹಿಟ್ಟು ಕೂತರೆ ರೊಟ್ಟಿ ನಡುವೆ ದಪ್ಪ, ಅಂಚಿಗೆ ತೆಳು. ಹಂಚಿಗೆ ಹಾಕಿದರೆ ಅಂಚು ಸೀದು ಹೋಗುತ್ತದೆ, ನಡು ಹಸಿ ಉಳಿಯುತ್ತದೆ. ಖಾನಾವಳಿಯವನು ಒಂದು ಬುಟ್ಟಿ ಪೂರ್ತಿ ವಾಪಸು ಕಳಿಸಿದ. ಇನ್ನೊಮ್ಮೆ ಹೀಗಾದರೆ ಬೇರೆಯವರ ರೊಟ್ಟಿ ತರಿಸುತ್ತೇನೆ ಎಂದೂ ಹೇಳಿ ಕಳಿಸಿದ. ಹಲಗೆ ಹೊತ್ತು ಊರಿನ ಬಡಿಗನ ಹತ್ತಿರ ಹೋದೆ. ಅವನು ಅದನ್ನು ಕೈಯಲ್ಲಿ ಹಿಡಿಯಲೂ ಇಲ್ಲ. "ಇಷ್ಟಕ್ಕೆಲ್ಲಾ ಮಷೀನ್ ಚಾಲೂ ಮಾಡಂಗಿಲ್ಲ ಬೇ. ಹೊಸಾದು ತಗೋ."

ಮನೆಯವರ ಮರದ ರಂದಾ ಇದ್ದಿದ್ದರೆ ಅವನ ಬಾಗಿಲಿಗೆ ಹೋಗುತ್ತಲೇ ಇರಲಿಲ್ಲ. ಮಗ ಅದನ್ನು ಕಲಬುರಗಿಗೆ ಒಯ್ದು, ವಾರ್ನಿಶ್ ಬಳಿದು, ಷೋಕೇಸಿನಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕ ಇಟ್ಟಿದ್ದಾನೆ. ಕೇಳಿದರೆ, "ಅದು ಅಪ್ಪನ ನೆನಪು ಅದ ಅವ್ವಾ," ಎಂದ. ಅಪ್ಪ ಇದ್ದಿದ್ದರೆ ಆ ವಾರ್ನಿಶ್ ನೋಡಿ ಬೈಯುತ್ತಿದ್ದರು.

ಬಸ್ಸು ಹತ್ತಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಗೆ ಹೋದೆ. ಕಬ್ಬಿಣ ಸಾಮಾನಿನ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ರಂದಾ ತೋರಿಸು ಎಂದೆ.

"ಯಾರಿಗಿ ಬೇಕ್ರಿ ಆಯಿ, ಮಗಗೇನು?"

"ನನಗ."

"ಏನು ಕೊಬ್ರಿ ತುರೀತೀರೇನ್ರಿ?"

"ಕೊಬ್ರಿ ನಿಮ್ಮ ಮನ್ಯಾಗ ತುರೀರಿ. ಸಾಮಾನು ತೆಗಿ."

ಮೊದಲನೆಯದನ್ನು ಅವನ ಗಾಜಿನ ಕೌಂಟರಿನ ಮೇಲಿಟ್ಟು ಎದುರುಬದುರಿನ ಮೂಲೆ ಒತ್ತಿದೆ. ಟಕ್ ಟಕ್ ಎಂದಿತು. ತಳ ಸೊಟ್ಟ. ಎರಡನೆಯದರ ತಳ ಸರಿಯಿತ್ತು, ಆದರೆ ಅಲಗು ಹೊರಬರುವ ಬಾಯಿ ಒಂದು ಕಡೆ ಅಗಲ, ಒಂದು ಕಡೆ ಇಕ್ಕಟ್ಟು. ಅಂಥದ್ದು ಯಾವತ್ತೂ ನೆಟ್ಟಗೆ ಹೆರೆಯುವುದಿಲ್ಲ. ಮೂರನೆಯದು ಗಾಜಿನ ಮೇಲೆ ಸುಮ್ಮನೆ ಕೂತಿತು. ಅಲಗು ಬಿಚ್ಚಿಸಿದೆ. ಅದರ ಮೇಲೆ ಕೂರುವ ತಗಡಿನ ಸಂದಿಗೆ ನನ್ನ ತಲೆಯದೇ ಒಂದು ಕೂದಲು ತೂರಿಸಿ ನೋಡಿದೆ. ಹೋಗಲಿಲ್ಲ, ಅಷ್ಟು ಬಿಗಿಯಾಗಿ ಕೂತಿತ್ತು. ಬಣ್ಣ ಸೋರಿತ್ತು, ಹಿಡಿ ಪ್ಲಾಸ್ಟಿಕ್ಕಿನದು, ಅಲುಗುತ್ತಿತ್ತು. ಅದನ್ನು ಬಿಗಿ ಮಾಡಿದರಾಯಿತು. ಬಣ್ಣದಿಂದ ಯಾರೂ ಹಲಗೆ ಹೆರೆಯುವುದಿಲ್ಲ.

"ಸೊಸಿ ನೋಡಾಕ ಬಂದಂಗ ನೋಡಾಕತ್ತೀರಲ್ರಿ ಆಯಿ."

"ಸೊಸಿ ನೋಡುವಾಗ ಇಷ್ಟು ನೋಡಿರಲಿಲ್ಲ. ಕಟ್ಟು."

ಊಟಕ್ಕೆಂದು ಮಗನ ಮನೆಗೆ ಹೋದದ್ದು ನನ್ನ ತಪ್ಪು. ಅವನು ನಂದೂರಿನ ಫರ್ನಿಚರ್ ಕಾರಖಾನೆಯಲ್ಲಿ ಕೆಲಸ ಮಾಡುತ್ತಾನೆ, ಅವತ್ತು ರಜೆ. ಚೀಲದಿಂದ ರಂದಾ ತೆಗೆದವನೇ ಒಂದು ತುಂಡು ಹಲಗೆಗೆ ಹಚ್ಚಿ ನೂಕಿದ. ಅದು ಎರಡು ಬೆರಳಷ್ಟು ಹೋಗಿ ಕಟ್ಟಿಗೆ ಕಿತ್ತು ನಿಂತಿತು.

"ನೋಡು. ಈ ರೊಕ್ಕಕ್ಕ ಇಂಥದ್ದೇ ಬರ್ತದ."

"ಮಸದಿಯೇನು?"

"ಹೊಸಾದು ಅದ ಅವ್ವಾ. ಹೊಸಾದು ಯಾರಾರ ಮಸೀತಾರೇನು?"

ಅವನ ಕಾರಖಾನೆಯಲ್ಲಿ ಮಷೀನಿನ ಅಲಗು ಮೊಂಡಾದರೆ ಬಿಸಾಕಿ ಹೊಸದು ಹಾಕುತ್ತಾರೆ. ಅಲ್ಲಿ ಹೊಸದು ಎಂದರೆ ಹರಿತ. ಅಂಗಡಿಯ ರಂದಾ ಹಾಗಲ್ಲ. ಅದರ ಅಲಗಿಗೆ ಬರೀ ಆಕಾರ ಕೊಟ್ಟು, ತುಕ್ಕು ಹಿಡಿಯದಂತೆ ಎಣ್ಣೆ ಬಳಿದು ಕಳಿಸಿರುತ್ತಾರೆ. ಹರಿತ ಮಾಡುವುದು ಕೊಂಡವರ ಕೆಲಸ. ನಾನು ಮಸೆಯುವುದನ್ನು ನೋಡುತ್ತಲೇ ಬೆಳೆದವನಿಗೆ ಇದು ಮರೆತುಹೋಗಿತ್ತು.

"ಇಲ್ಲೇ ಇಡು, ನಾಳಿ ವಾಪಸ್ ಕೊಟ್ಟು ಬರ್ತೀನಿ," ಎಂದ.

"ಚೀಲದಾಗ ಹಾಕು."

"ಯಾರು ಹೊಡ್ಯಾವ್ರು ಇದನ್ನ?"

"ನಾ."

ಒಳಗೆ ಸೊಸೆ ನಕ್ಕದ್ದು ಕೇಳಿಸಿತು. ಮಗ ನಗಲಿಲ್ಲ. "ನಾಳಿ ಅಮಾಸಿ ಅದ. ಬಡಿಗೇರ ಮನ್ಯಾಗ ಅಮಾಸಿ ದಿನ ಸಾಮಾನು ಮುಟ್ಟಂಗಿಲ್ಲ. ಅದರಾಗ ನೀ ಹೆಣ್ಮಗಳು."

"ನಿಮ್ಮಪ್ಪ ಅಮಾಸಿ ದಿನ ಮಲಗ್ತಿದ್ರು. ನಾ ಆವತ್ತೂ ರೊಟ್ಟಿ ಬಡೀತಿದ್ದೆ. ಯಾರೂ ಬ್ಯಾಡ ಅನ್ನಲಿಲ್ಲ."

ಅವನು ಚೀಲ ಕೊಟ್ಟ. ಬಸ್ ನಿಲ್ದಾಣದವರೆಗೂ ಬರಲಿಲ್ಲ.

ಕಮಲಾಪುರಕ್ಕೆ ಬಂದಾಗ ಇನ್ನೂ ಬೆಳಕಿತ್ತು. ಕಟ್ಟೆಯ ಶಹಾಬಾದ್ ಕಲ್ಲಿನ ಮೇಲೆ ಉಜ್ಜುಕಾಗದ ಹಾಸಿ ಮೊದಲು ಅಲಗಿನ ಬೆನ್ನು ಸಮ ಮಾಡಿದೆ. ಆಮೇಲೆ ಮಸೆಗಲ್ಲಿಗೆ ನೀರು ಹಾಕಿ ಇಳಿಜಾರಿನ ಕಡೆ ಮಸೆದೆ. ಬೆನ್ನಿನ ಅಂಚಿನಲ್ಲಿ ಸಣ್ಣ ತರಿ ಬೆರಳಿಗೆ ಹತ್ತಿದಾಗ ಮಗುಚಿ ಅದನ್ನು ತೆಗೆದೆ. ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟರೆ ಜಾರದೆ ಕಚ್ಚಿತು. ಆ ಉಕ್ಕು ಮೆತ್ತಗಿನದು, ಅದನ್ನೂ ಹೇಳಬೇಕು. ಎರಡು ಹಲಗೆ ಹೆರೆದರೆ ಮತ್ತೆ ಮಸೆಯಬೇಕು. ಮಸೆಯಲು ಬಾರದವರಿಗೆ ಅದು ಕೆಟ್ಟ ರಂದಾ. ನನಗಲ್ಲ.

ಮರುದಿನ ಬೆಳಿಗ್ಗೆ ಮೈ ತೊಳೆದು, ದೇವರಿಗೆ ದೀಪ ಹಚ್ಚಿ, ಹಲಗೆಯನ್ನು ಹೊಸ್ತಿಲಿಗೆ ಒತ್ತಿಟ್ಟು ಕೂತೆ. ಮೊದಲ ಸಲ ರಂದಾ ಜಾರಿತು. ಎರಡನೆಯ ಸಲ ಕಚ್ಚಿತು, ಮಗನಿಗೆ ಕಚ್ಚಿದ ಹಾಗೆಯೇ. ಮಸೆದ ಕೈಗೆ ತಳ್ಳಿ ರೂಢಿಯಿಲ್ಲ. ಅಲಗು ಒಳಸರಿಯಲೆಂದು ಮರದ ರಂದಾದಂತೆ ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿದೆ. ಇದಕ್ಕೆ ತಿರುಪು ಇದೆ ಎಂದು ಆಮೇಲೆ ತಿಳಿಯಿತು. ತಿರುಪು ತಿರುವಿ ಅಲಗನ್ನು ಒಳಗೆ ಎಳೆದು, ರಂದಾ ಅಡ್ಡ ಹಿಡಿದು, ಹಲಗೆಯ ಎತ್ತರದ ಅಂಚನ್ನೇ ಹೆರೆಯುತ್ತ ಹೋದೆ. ರಂದಾದ ಬಾಯಿಂದ ಉಳ್ಳಾಗಡ್ಡಿ ಸಿಪ್ಪೆಯಂಥ ಸುರುಳಿ ಬಂತು.

ಪಕ್ಕದ ಮನೆಯವಳು ಅಮಾವಾಸ್ಯೆಯ ಕಾಯಿ ಹಿಡಿದು ಗುಡಿಗೆ ಹೊರಟಿದ್ದಳು, ನಿಂತಳು. "ಅಮಾಸಿ ದಿನ ಇದೇನು ಮಾಡಾಕತ್ತಿ ಯಕ್ಕಾ?"

"ಹಲಗಿ ಹೆರ್ಯಾಕತ್ತೀನಿ. ನಿಂದೂ ತಗ್ಗು ಬಿದ್ದದ, ಬರುವಾಗ ತಗೊಂಡು ಬಾ."

ಸೂರ್ಯ ಮಾಡಿನ ಮೇಲೆ ಬರುವಷ್ಟರಲ್ಲಿ ತಗ್ಗು ಹೋಗಿತ್ತು. ಸುರುಳಿಗಳನ್ನು ಗುಡಿಸಿ ಒಲೆಗೆ ಹಾಕಿ ಹೊತ್ತಿಸಿದೆ, ಹಲಗೆ ತೊಳೆದು ಒರೆಸಿದೆ, ಖಾನಾವಳಿಯ ಬುಟ್ಟಿಗೆ ರೊಟ್ಟಿ ಬಡಿಯಲು ಕೂತೆ.