ಅಜ್ಜಿ ಕಳಿಸಿದ ಸಂದೇಶ

ಎಂಟನೇ ತರಗತಿಯಲ್ಲಿದ್ದಾಗ ನಾವು ಐದು ಹುಡುಗಿಯರು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೆವು. ಒಬ್ಬಳಿಗೂ ಸ್ವಂತ ಫೋನಿರಲಿಲ್ಲ. ನರಿಕೊಂಬಿನ ನಮ್ಮ ಮನೆಯಲ್ಲಿ ನನ್ನ ಪಾಲಿಗಿದ್ದದ್ದು ಅಜ್ಜಿಯ ಫೋನು. ಅಜ್ಜಿಗೆ ಓದಲು ಬಾರದು. ಆದರೆ ಧ್ವನಿ ಸಂದೇಶ ಕೇಳುವುದು, ಕಳಿಸುವುದು ಎರಡೂ ಚೆನ್ನಾಗಿ ಬರುತ್ತಿತ್ತು.

ಒಂದು ಭಾನುವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಪಾಣೆಮಂಗಳೂರಿನ ಗೆಳತಿ ಗುಂಪಿನಲ್ಲಿ ಅಳುದನಿಯಲ್ಲಿ ಹೇಳಿದಳು: “ನನ್ನ ತಲೆಯಲ್ಲಿ ಹೇನು ಉಂಟು. ಯಾರಿಗೂ ಹೇಳ್ಬೇಡಿ, ಆಯ್ತಾ.”

ಅದನ್ನು ಕೇಳಿಸಿಕೊಂಡ ಅಜ್ಜಿ ತಾವೇ ಉತ್ತರ ಕಳಿಸಿಬಿಟ್ಟರು. “ಅದಕ್ಕೆ ಅಳುವುದೆಂತ ಮಗಾ? ಬೇವಿನೆಣ್ಣೆ ಹಚ್ಚಿ ಬಾಚು. ನಮ್ಮವಳ ತಲೆಯಲ್ಲಿಯೂ ಉಂಟು. ನಿನ್ನೆ ಹದಿನೇಳು ತೆಗೆದಿದ್ದೇನೆ.”

ಬಚ್ಚಲಿನಿಂದ ಬಂದು ಅದನ್ನು ಕೇಳಿದ ನಾನು ಇನ್ನು ಶಾಲೆಗೇ ಹೋಗುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಕೂತೆ. ಅಷ್ಟರಲ್ಲಿ ಫೋನು ಮತ್ತೆ ಮತ್ತೆ ಸದ್ದು ಮಾಡಿತು.

“ಅಜ್ಜಿ, ನನಗೂ ಉಂಟು.”

“ನನಗೆ ಕೂಡ, ಅಜ್ಜಿ.”

ಹೀಗೆ ಉಳಿದ ಮೂವರೂ ಒಬ್ಬೊಬ್ಬರಾಗಿ ಒಪ್ಪಿಕೊಂಡರು. ದಿನಾ ಒಂದೇ ಬೆಂಚಿನಲ್ಲಿ ತಲೆಗೆ ತಲೆ ತಾಗಿಸಿ ಕೂರುವ ನಾವು ಇಷ್ಟು ದಿನ ಇದನ್ನೇ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದೆವು.

ಆಮೇಲೆ ಗುಂಪಿನಲ್ಲಿ ನಾನು ಏನು ಹೇಳಹೋದರೂ ಗೆಳತಿಯರದು ಒಂದೇ ಮಾತು: “ನಿನ್ನ ಮಾತು ಮತ್ತೆ ಮಾರಾಯ್ತಿ, ಮೊದಲು ಫೋನು ಅಜ್ಜಿಗೆ ಕೊಡು.”