ಒಂದೂವರೆ ಅಡಿಯ ಹಲಗೆ

ಭಾನುವಾರ ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನನ್ನ ತಂಗಿ ಎರಡನೇ ಗುಂಡು ಹಾರಿಸಿದಳು. ನಾನು ಅವಳ ಪಕ್ಕದಲ್ಲಿ ಬೋರಲು ಮಲಗಿ ಬೈನಾಕ್ಯುಲರ್ ಹಿಡಿದಿದ್ದೆ. ಪ್ರತಿ ಗುಂಡಿನ ಹೊತ್ತು, ಗಾಳಿಯ ದಿಕ್ಕು, ಪೆಟ್ಟು ಬಿದ್ದ ಜಾಗ ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ. ಏಳು ನಲವತ್ತು ಎಂದು ಬರೆದೆ. ಅದರ ಮುಂದೆ ಬರೆಯಲು ಏನೂ ಇರಲಿಲ್ಲ. ಮುನ್ನೂರು ಮೀಟರ್ ಆಚೆಗಿದ್ದ ಹಲಗೆಯಲ್ಲಿ ನನಗೆ ಏನೂ ಕಾಣಲಿಲ್ಲ. ಅಷ್ಟರಲ್ಲಿ ದಿಬ್ಬದ ಹಿಂದಿನಿಂದ ಒಬ್ಬ ಹೆಂಗಸು ಚೀರಿದಳು.

ಆ ಚೀರಾಟದ ತನಕ ನಡೆದದ್ದನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ಪಾಠ ಮಾಡುವಾಗ, ಬಸ್ಸಿನಲ್ಲಿ ನಿಂತಾಗ, ಹಲ್ಲುಜ್ಜುವಾಗ ಅದು ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ಒಂದು ಕಡೆ ನಿಲ್ಲಿಸಬಹುದಿತ್ತು ಅನ್ನಿಸುತ್ತದೆ. ಪ್ರತಿ ಸಲವೂ ನಾನು ನಿಲ್ಲಿಸುವುದಿಲ್ಲ.

ನಮ್ಮ ಮೈದಾನ ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವೆ, ರಸ್ತೆಯಿಂದ ಸಾಕಷ್ಟು ಒಳಗಿತ್ತು. ಸೈನ್ಯದಿಂದ ನಿವೃತ್ತರಾಗಿ ಬಂದ ನನ್ನ ಸೋದರಮಾವ ಪರವಾನಗಿ ಪಡೆದು, ಒಂದು ತುದಿಯಲ್ಲಿ ಎರಡಾಳು ಎತ್ತರದ ಮಣ್ಣಿನ ದಿಬ್ಬ ಹಾಕಿಸಿದ್ದರು. ಗುರಿಯನ್ನು ದಾಟಿದ ಗುಂಡು ಅದರಲ್ಲಿ ಹೂತು ಹೋಗಬೇಕು. ತಂಗಿ ಹಾವೇರಿಯಲ್ಲಿ ದೈಹಿಕ ಶಿಕ್ಷಕಿ. ರೈಫಲ್ ಪರವಾನಗಿ ಅವಳ ಹೆಸರಿನಲ್ಲೇ ಇತ್ತು. ದೂರದ ಗುರಿಯ ಸ್ಪರ್ಧೆಗೆ ಆಯ್ಕೆಯಾಗಬೇಕೆಂಬುದು ಅವಳ ಹಟ. ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಗಣಿತ ಹೇಳುವವನು. ಬಂದೂಕು ಮುಟ್ಟಿದವನಲ್ಲ, ಲೆಕ್ಕ ಇಡುವವನು ಮಾತ್ರ.

ಮಾವ ಮಾಡಿಟ್ಟಿದ್ದ ಗುರಿ ನೋಡಿದರೆ ನಗು ಬರುತ್ತಿತ್ತು. ಬ್ಯಾಡಗಿಯ ಹಳೆಯ ಮೆಣಸಿನಕಾಯಿ ಚೀಲಗಳನ್ನು ಸೀಳಿ, ಎರಡು ಪದರ ಮಾಡಿ ಹೊಲಿದು, ಆರಡಿ ಉದ್ದ ಆರಡಿ ಅಗಲದ ಬಿದಿರಿನ ಚೌಕಟ್ಟಿಗೆ ಬಿಗಿದಿದ್ದರು. ನಡುವೆ ಎರಡಡಿಯ ಕಪ್ಪು ವೃತ್ತ. ಪದರಗಳ ಮಧ್ಯೆ ಅಂಗಡಿಗಳಲ್ಲಿ ಗುಡಿಸಿ ಬಿಸಾಡುವ ಕಾಯಿಪುಡಿ. ಗುಂಡು ಚೀಲದ ಯಾವ ಮೂಲೆಗೆ ಬಿದ್ದರೂ ಅಲ್ಲಿಂದ ಕೆಂಪಗೆ ಪುಡಿ ಹಾರುತ್ತಿತ್ತು. ಬರಿಗಣ್ಣಿಗೇ ಗೊತ್ತಾಗುತ್ತಿತ್ತು, ಎಡಕ್ಕೆ ಹೋಯಿತೋ ಮೇಲಕ್ಕೆ ಹೋಯಿತೋ ಅಂತ. ಅಭ್ಯಾಸ ಮುಗಿದ ಮೇಲೆ ತೂತುಗಳಿಗೆ ತೇಪೆ ಹಾಕಲು ಹೋದರೆ ಮೂವರೂ ಸೀನಿ ಸೀನಿ ಸುಸ್ತಾಗುತ್ತಿದ್ದೆವು.

"ಮಾಮಾ, ಇಷ್ಟು ದೊಡ್ಡದಕ್ಕ ಕಣ್ಣು ಮುಚ್ಚಿ ಹೊಡದ್ರೂ ಬಡಿತೈತಿ," ಎಂದು ನಾನು ಒಮ್ಮೆ ಹೇಳಿದ್ದೆ.

"ಬಡೀಲಿ ಬಿಡೋ. ಬಡಿಯೂದು ನಿನಗ್ಯಾಕ ಬ್ಯಾಡಾಗೈತಿ?"

"ಹಿಂಗಾದ್ರ ಆಕಿ ಸುಧಾರಿಸೂದು ಯಾವಾಗ?"

"ನಿನ್ನ ಲೆಕ್ಕ ನಿನ್ನ ಕಾಲೇಜಿನ್ಯಾಗ ಇಟ್ಕೋ ಮಾಸ್ತರ. ಇಲ್ಲಿ ನನ್ನ ಚೀಲ ಇರ್ಲಿ."

ನನಗೆ ಚುಚ್ಚಿತು. ಲೆಕ್ಕ ನನ್ನ ಕಡೆಗಿತ್ತು. ಐವತ್ತು ಮೀಟರ್ ದೂರದಲ್ಲಿ ತಂಗಿಯ ಹತ್ತರಲ್ಲಿ ಒಂಬತ್ತು ಗುಂಡು ಐದು ಸೆಂಟಿಮೀಟರಿನ ವೃತ್ತದೊಳಗೆ ಬೀಳುತ್ತಿದ್ದವು. ದೂರ ಆರು ಪಟ್ಟಾದರೆ ವೃತ್ತವೂ ಆರು ಪಟ್ಟು. ಅಂದರೆ ಮೂವತ್ತು ಸೆಂಟಿಮೀಟರ್, ಹೆಚ್ಚುಕಡಿಮೆ ಒಂದಡಿ. ಅದಕ್ಕಿಂತ ದೊಡ್ಡದು ಕೊಟ್ಟರೆ ಸೋಮಾರಿತನ ಕಲಿಸಿದಂತೆ. ರಾಣೆಬೆನ್ನೂರಿನ ಬಡಿಗನ ಹತ್ತಿರ ಒಂದೂವರೆ ಅಡಿ ಚೌಕದ ಪ್ಲೈವುಡ್ ಕೊಯ್ಯಿಸಿ, ಒಂದಡಿಯ ವೃತ್ತ ಬರೆದು, ಕಪ್ಪು ಬಣ್ಣ ಬಳಿದೆ. ಬಹಳ ಅಚ್ಚುಕಟ್ಟಾಗಿತ್ತು.

ಆ ಭಾನುವಾರ ಮಾವ ಗುತ್ತಲದಲ್ಲಿ ಮದುವೆಗೆ ಹೋಗಿದ್ದರು. ತಾವಿಲ್ಲದಾಗ ಮೈದಾನದಲ್ಲಿ ಏನನ್ನೂ ಬದಲಿಸಬಾರದೆಂದು ಅವರು ಹೇಳಿರಲಿಲ್ಲ. ಹೇಳಬೇಕಾದೀತೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಚೀಲದ ಚೌಕಟ್ಟನ್ನು ಬಿಚ್ಚಿ ಪಕ್ಕಕ್ಕೆ ಒರಗಿಸಿ, ಅಲ್ಲಿ ನನ್ನ ಹಲಗೆ ನೆಟ್ಟೆ. ಹಿಂದೆ ಬಂದು ನೋಡಿದರೆ ಹಲಗೆ ಕಾಣಲೇ ಇಲ್ಲ. ಮಳೆಗಾಲ ಮುಗಿದು ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಆರಡಿಯ ಚೀಲಕ್ಕೆ ಅದು ಅಡ್ಡಿಯಾಗಿರಲಿಲ್ಲ. ನಾನು ಮತ್ತೆ ಹೋಗಿ, ಉದ್ದನೆಯ ಬಿದಿರಿಗೆ ಹಲಗೆ ಕಟ್ಟಿ, ನನ್ನ ತಲೆಗಿಂತ ಎತ್ತರಕ್ಕೆ ಏರಿಸಿದೆ. ಈಗ ಅದು ದಿಬ್ಬದ ನೆತ್ತಿಗೆ ಹತ್ತಿರವಾಯಿತು. ಅದು ನನಗೆ ಕಾಣಿಸಿತು ಕೂಡ. ಚಂದ ಕಾಣತೈತಿ ಅಂದುಕೊಂಡೆ.

ಮೊದಲ ಗುಂಡು ಏಳು ಮೂವತ್ತಾರಕ್ಕೆ. ಹಲಗೆ ಅಲುಗಲಿಲ್ಲ. ಪುಡಿ ಹಾರಲು ಅಲ್ಲಿ ಚೀಲವೂ ಇರಲಿಲ್ಲ.

"ಅಣ್ಣಾ, ಎಲ್ಲಿ ಹೋತು ಅದು?"

"ಕಾಣವಲ್ದು."

"ಹೋಗಿ ನೋಡಿ ಬರೂಣೇನು?"

ಮುನ್ನೂರು ಮೀಟರ್ ಹೋಗಬೇಕು, ಮುನ್ನೂರು ಮೀಟರ್ ಬರಬೇಕು. ಹುಲ್ಲು ಇಬ್ಬನಿಗೆ ತೊಯ್ದಿತ್ತು. "ಐದಾಗ್ಲಿ, ಆಮ್ಯಾಲ ಒಮ್ಮೆ ಹೋಗೂಣು," ಎಂದೆ. "ಕೆಳಗ ಹೋಗಿರಬೇಕು. ಒಂದೀಟು ಮ್ಯಾಲ ಏರ್ಸು."

ಕೆಳಗೆ ಹೋಗಿದೆಯೆಂದು ನನಗೆ ಯಾರು ಹೇಳಿದ್ದರು? ಗೊತ್ತಿಲ್ಲ ಎಂಬ ಮಾತನ್ನು ನನ್ನ ತಂಗಿಯ ಎದುರಿಗೆ ಹೇಳಲಾಗದೆ ಏನೋ ಒಂದು ಹೇಳಿದೆ. ಅವಳು ನನ್ನ ಮಾತು ನಂಬಿ, ರೈಫಲ್ಲಿನ ಮೇಲೆ ಗುರಿ ಹಿಡಿಯುವ ಸೈಟ್ ಏರಿಸಿದಳು. ಮೊದಲನೆಯದೂ ಹಲಗೆಯ ಮೇಲಿನಿಂದಲೇ ಹೋಗಿತ್ತೆಂದು ಆಮೇಲೆ ಪೊಲೀಸರು ದಿಬ್ಬದಲ್ಲಿ ತೂತು ತೋರಿಸಿದಾಗ ತಿಳಿಯಿತು. ಎರಡನೆಯದು ಇನ್ನೂ ಮೇಲೇರಿ, ನೆತ್ತಿಯಲ್ಲಿದ್ದ ಒಂದು ಕಲ್ಲಿಗೆ ಬಡಿದು ಆಚೆ ಹಾರಿತು. ಕಲ್ಲಿನ ಚೂರುಗಳು ದಿಬ್ಬದ ಹಿಂದೆ ಬಿದ್ದವು.

ನಾವು ಓಡಿದೆವು. ದಿಬ್ಬದ ಬುಡದಲ್ಲಿ ಐವತ್ತರ ಆಸುಪಾಸಿನ ಹೆಂಗಸು ಕುಕ್ಕರುಗಾಲಲ್ಲಿ ಕೂತು ಎಡಗಣ್ಣನ್ನು ಸೆರಗಿನಿಂದ ಒತ್ತಿಕೊಂಡಿದ್ದಳು. ಪಕ್ಕದಲ್ಲಿ ಕುಡುಗೋಲು, ಅರ್ಧ ಕಟ್ಟಿದ ಹುಲ್ಲಿನ ಹೊರೆ. ಸೆರಗು ಕೆಂಪಾಗುತ್ತಿತ್ತು.

"ಯಕ್ಕಾ, ಕೈ ತೆಗೀರಿ, ನೋಡ್ತೀನಿ," ಎಂದು ತಂಗಿ ಅಳುತ್ತ ಅಂದಳು.

"ನೀ ನೋಡಿ ಏನ್ ಮಾಡ್ತೀಯವಾ? ದವಾಖಾನಿಗೆ ನಡೀರಿ ಮೊದ್ಲ."

ಬ್ಯಾಡಗಿಯಲ್ಲಿ ಪಟ್ಟಿ ಕಟ್ಟಿ ಹಾವೇರಿಗೆ ಕಳಿಸಿದರು. ದಾರಿಯುದ್ದಕ್ಕೂ ಆಕೆ ನನ್ನ ತೋಳನ್ನು ಹಿಡಿದಿದ್ದಳು. ಆಸರೆಗೆ ಹಿಡಿದಂತಿರಲಿಲ್ಲ, ಓಡಿಹೋಗದಂತೆ ಹಿಡಿದಂತಿತ್ತು. ಬಲಗಣ್ಣಿಗೆ ಆಗಲೇ ಪೊರೆ ಬಂದಿದೆ ಎಂದು ಆಗ ಹೇಳಿದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆರಿಸುವ ಕೆಲಸ ಅವಳದು. ರಾಶಿಯ ಮುಂದೆ ಕೂತು ಬಣ್ಣಗೆಟ್ಟ ಬಿಳಿಗಾಯಿಯನ್ನು ಕೆಂಪುಗಾಯಿಯಿಂದ ಬೇರೆ ಮಾಡಬೇಕು.

"ಈ ಕಣ್ಣಿನ ಮ್ಯಾಲ ನಾ ಉಣ್ಣಾಕಿ," ಎಂದಳು. "ಇದು ಹೋತಂದ್ರ ನನ್ನ ರಾಶಿ ಮುಂದ ಯಾರು ಕುಂದ್ರಸ್ತಾರ?"

ಗಾಡಿ ಇನ್ನೂ ಜೋರಾಗಿ ಹೋಗಲಿ ಎಂದು ನಾನು ಡ್ರೈವರನಿಗೆ ಹೇಳಿದೆ.

"ಎರಡು ವರ್ಷಾತು ಅಲ್ಲಿ ಹುಲ್ಲು ಕೊಯ್ಯಾಕತ್ತು. ಆ ಮಿಲ್ಟ್ರಿ ಯಜಮಾನ್ರು ಹೊಡಸ್ತಿದ್ರು. ಒಂದ ಒಂದು ಗುಂಡು ದಿಬ್ಬ ದಾಟಿದ್ದಿಲ್ಲ. ಇವತ್ತೇನ್ ಮಾಡಿದ್ರಿ ನೀವು?"

ಚೂರು ತೆಗೆದ ವೈದ್ಯರು, ಅದು ಕಣ್ಣಿನ ಬಿಳಿಭಾಗದಲ್ಲಿ ಹೊಕ್ಕಿತ್ತು, ದೃಷ್ಟಿ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾಗದು ಎಂದರು. ಕಾಯಬೇಕು. ಎಷ್ಟು ದಿನ ಎಂದು ಕೇಳಿದೆ. ಅದನ್ನೂ ಹೇಳಲಾಗದು ಎಂದರು.

ಆಸ್ಪತ್ರೆಯ ಹೊರಗಿನಿಂದ ಮಾವನಿಗೆ ಫೋನ್ ಮಾಡಿದೆ. ಹಿಂದೆ ಮದುವೆಯ ವಾಲಗ ಕೇಳುತ್ತಿತ್ತು.

"ಜೀವ ಐತೇನು?" ಎಂದರು ಮೊದಲು.

"ಐತಿ. ಕಣ್ಣು ಗೊತ್ತಿಲ್ಲ."

"ಹಲಗಿ ಎಷ್ಟಿತ್ತು?"

ಚೀಲ ಬಿಚ್ಚಿ ಹಲಗೆ ನೆಟ್ಟದ್ದನ್ನು ನಾನಿನ್ನೂ ಹೇಳಿರಲೇ ಇಲ್ಲ, ಅವರೇ ಊಹಿಸಿದ್ದರು. "ಒಂದೂವರೆ ಫೂಟು," ಎಂದೆ.

ವಾಲಗ ದೂರವಾಯಿತು, ಅವರು ಹೊರಗೆ ಬಂದಿರಬೇಕು. ಆಮೇಲೆ ಅವರು ಬೈಯದೆ, ತರಬೇತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಅಂದರು: "ಕರೀ ವೃತ್ತ ಬೇಕಾದಷ್ಟು ಸಣ್ಣದು ಮಾಡೋ, ನಾ ಯಾವಾಗ ಬ್ಯಾಡಂದೆ? ಆದ್ರ ಅದರ ಸುತ್ತ ಜಾಗಾ ದೊಡ್ಡದಿರಬೇಕು. ತಪ್ಪಿದ್ದು ಎಲ್ಲಿ ಹೋತು ಅನ್ನೂದು ಕಾಣಬೇಕಲ್ಲೋ. ತಪ್ಪಿದ್ದು ಕಾಣದಿದ್ರ ಮುಂದಿನ ಗುಂಡು ಹಾರಸಬಾರ್ದು. ಇಷ್ಟ ಅದು."

ಪೊಲೀಸರಿಗೆ ನಾನೇ ಎಲ್ಲ ಹೇಳಿದೆ. ಹಲಗೆ ನನ್ನದು, ಏರಿಸಿದ್ದು ನಾನು, ಸೈಟ್ ಏರಿಸು ಅಂದದ್ದೂ ನಾನು. ತಂಗಿ ಅಡ್ಡಬಾಯಿ ಹಾಕಿ, "ಬಂದೂಕಿನ ಕುದುರಿ ಎಳದು ಗುಂಡು ಹಾರಿಸಿದಾಕಿ ನಾ ಅದೀನ್ರಿ," ಎಂದಳು. ಇಬ್ಬರ ಹೇಳಿಕೆಯನ್ನೂ ಬರೆದುಕೊಂಡರು. ರೈಫಲ್ ಠಾಣೆಗೆ ಹೋಯಿತು, ಮೈದಾನಕ್ಕೆ ಬೀಗ ಬಿತ್ತು, ಆ ಸಲದ ಆಯ್ಕೆ ಅವಳಿಗೆ ತಪ್ಪಿತು. ಅದರ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ನಿದ್ದೆ ಬರುತ್ತಿತ್ತು, ಇರುತ್ತಿರಲಿಲ್ಲ. ತಾಸಿಗೊಮ್ಮೆ ಎಚ್ಚರ. ಹಗಲೂ ಸಮಾಧಾನವಿಲ್ಲ. ಬೋರ್ಡಿನ ಮೇಲೆ ವೃತ್ತ ಎಳೆದು, ಒರೆಸಿ, ದೊಡ್ಡದು ಎಳೆದು, ಅದನ್ನೂ ಒರೆಸುತ್ತಿದ್ದೆ. "ಸರ್, ಯಾವುದು ಬರಕೊಳ್ಳೋದ್ರಿ?" ಎಂದು ಹುಡುಗಿಯೊಬ್ಬಳು ಕೇಳಿದಾಗ ತರಗತಿಯೆಲ್ಲ ನಕ್ಕಿತು. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಲಾರಿಯ ಟೈರು ಸಿಡಿದಾಗ ನಾನು ಚೀಲ ಬಿಸಾಡಿ ಕೂತುಬಿಟ್ಟೆ. ನನ್ನ ಲೆಕ್ಕದಲ್ಲಿ ತಪ್ಪೆಲ್ಲಿತ್ತು ಎಂದು ಹುಡುಕುತ್ತಿದ್ದೆ. ಗುಣಾಕಾರ ಸರಿಯಿತ್ತು. ಗಾಳಿಯನ್ನು ಬಿಟ್ಟಿದ್ದೆ, ಉಸಿರಿನ ಏರಿಳಿತವನ್ನು ಬಿಟ್ಟಿದ್ದೆ. ಹತ್ತರಲ್ಲಿ ಒಂಬತ್ತು ಎಂದು ಹೆಮ್ಮೆಯಿಂದ ಬರೆದವನು ಹತ್ತನೆಯದು ಎಲ್ಲಿ ಹೋಗಿ ಬೀಳುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಹಿಂದೆ ಹುಲ್ಲು ಕೊಯ್ಯುವವರು ನನ್ನ ಹಾಳೆಯಲ್ಲಿ ಇರಲೇ ಇಲ್ಲ.

ಪಟ್ಟಿ ಬಿಚ್ಚಿದಾಗ ಆಕೆಗೆ ಬೆಳಕು ಕಂಡಿತು. ಮುಂದಿನ ಸಲ ಹೋದಾಗ ಬೆರಳು ಎಣಿಸಿದಳು, ಆದರೆ ಎಲ್ಲ ಮಬ್ಬು ಅಂದಳು. ನಾನು ದಿನಾ ಫೋನ್ ಮಾಡುತ್ತಿದ್ದೆ. ಚಳಿ ಶುರುವಾಗಿ ಬ್ಯಾಡಗಿಗೆ ಹೊಸ ಕಾಯಿ ಬರತೊಡಗಿದ ಮೇಲೆ ಒಂದು ದಿನ ಆಕೆಗೆ ರೇಗಿತು.

"ದಿನಾ ಕಣ್ಣು ಹೆಂಗೈತಿ, ಕಣ್ಣು ಹೆಂಗೈತಿ ಅಂತೀರಿ. ಕಣ್ಣೇನು ಫೋನಿನ್ಯಾಗ ಕಾಣತೈತೇನ್ರಿ? ನಾಳಿ ಕೆಲಸಕ್ಕ ಹೊಂಟೀನಿ. ಬಂದು ನೋಡ್ರಿ."

ಮರುದಿನ ಕಾಲೇಜಿಗೆ ರಜೆ ಹಾಕಿ ಹೋದೆ. ದೊಡ್ಡ ಅಂಗಳದಲ್ಲಿ ಹೆಂಗಸರು ರಾಶಿಗಳ ಮುಂದೆ ಸಾಲಾಗಿ ಕೂತಿದ್ದರು. ಗಾಳಿಯಲ್ಲೇ ಘಾಟು. ಆಕೆ ತನ್ನ ರಾಶಿಯ ಎದುರು ನನಗೆ ಜಾಗ ಮಾಡಿದಳು.

"ಕುಂದ್ರಿ ಸರ. ನೀವೂ ಒಂದೀಟು ಆರಿಸ್ರಿ. ಮಾಸ್ತರ ಕಣ್ಣು ಹೆಂಗದಾವ ನಾನೂ ನೋಡ್ತೀನಿ."

ಪಕ್ಕದವಳು ನಕ್ಕು, "ಕೂಲಿ ಯಾರು ಕೊಡವ್ರವಾ ಇವ್ರಿಗೆ?" ಎಂದಳು.

ಸುಮಾರು ಅರ್ಧ ತಾಸು ಆರಿಸಿದೆ. ಆಕೆ ಸೆರಗಿನಿಂದ ಪೊರೆಯ ಬಲಗಣ್ಣನ್ನು ಮುಚ್ಚಿಕೊಂಡು, ಎಡಗಣ್ಣೊಂದರಲ್ಲೇ ನಾನು ಆರಿಸಿದ ಗುಡ್ಡೆಯನ್ನು ಬೆರಳಾಡಿಸಿ ನೋಡಿದಳು. ಚಕಚಕನೆ ಬಿಳಿಗಾಯಿ ಎತ್ತಿ ನನ್ನ ಮುಂದೆ ಇಟ್ಟಳು. ಒಂದು, ಮತ್ತೊಂದು, ಇನ್ನೂ ನಾಲ್ಕು. ಕೆಲವದರ ತುದಿಯಲ್ಲಿ ಮಾತ್ರ ಕಡ್ಡಿಯಷ್ಟು ಬಿಳುಪಿತ್ತು. ನನಗೆ ತೋರಿಸಿದ ಮೇಲೂ ಹುಡುಕಬೇಕಾಯಿತು.

"ಕಂಡ್ತೇನ್ರಿ?"

"ನನಗ ಕಾಣಲಿಲ್ಲ," ಎಂದೆ.

"ನನಗ ಕಂಡ್ತು. ಮೊದಲಿನಷ್ಟು ಜಲ್ದಿ ಆಗವಲ್ದು, ಸಂಜೀಕ ನೀರು ಸುರಿತೈತಿ. ಆದ್ರ ಕಾಣತೈತಿ." ಸೆರಗು ಇಳಿಸಿ ನನ್ನನ್ನು ನೇರವಾಗಿ ನೋಡಿದಳು. "ಹಂಗಂತ ನಾ ಮರತೀನಿ ಅನ್ಕೋಬ್ಯಾಡ್ರಿ. ಅಲ್ಲಿ ಹುಲ್ಲಿಗೆ ನಾ ಇನ್ನ ಹೋಗೂದಿಲ್ಲ. ಹೋಗಾಕ ಕಾಲ ಬರೂದಿಲ್ಲ. ಈಗ ಏಳ್ರಿ, ನನ್ನ ರಾಶಿ ಉಳಿತೈತಿ."

ಎದ್ದೆ. ಬಸ್ಸಿನಲ್ಲಿ ಗೊತ್ತಿಲ್ಲದೆ ಕಣ್ಣೊರೆಸಿಕೊಂಡು ಕಾಯಿಯ ಖಾರ ಹತ್ತಿಸಿಕೊಂಡೆ. ಕಂಡಕ್ಟರು ನೀರಿನ ಬಾಟಲಿ ಕೊಟ್ಟ. ಮನೆಗೆ ಬಂದು ತಂಗಿಗೆ ಫೋನ್ ಮಾಡಿ, ಆಕೆ ಬಿಳಿಗಾಯಿ ಎತ್ತಿದ್ದನ್ನು ಹೇಳಿದೆ. "ಎಷ್ಟು?" ಎಂದು ಕೇಳಿದಳು. ಆರು ಅಂದೆ. ಇನ್ನೊಮ್ಮೆ ಹೇಳು ಅಂದಳು, ಹೇಳಿದೆ. ಉಂಡು ಮಲಗಿದಾಗ ಎರಡೂ ಅಂಗೈ ಮಣಿಕಟ್ಟಿನವರೆಗೆ ಉರಿಯುತ್ತಿದ್ದವು, ಎಣ್ಣೆ ಹಚ್ಚಿದರೂ ಇಳಿದಿರಲಿಲ್ಲ. ಮತ್ತೆ ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಕಾಲೇಜಿನ ಮೊದಲ ಪಾಠ ತಪ್ಪಿಹೋಗಿತ್ತು.