ಸಮುದ್ರದ ಸದ್ದಿಗೊಂದು ಕಾಲಂ

ಒಗೆದ ಬಟ್ಟೆಯನ್ನೆಲ್ಲ ತೆಗೆದ ಮೇಲೆ ಯಂತ್ರದ ತಳದಲ್ಲಿ ಒಂದು ಚಮಚದಷ್ಟು ಮರಳು ಉಳಿದಿತ್ತು. ಬೀಚಿಗೆ ಒಯ್ದಿದ್ದ ಟವೆಲ್ಲನ್ನು ಎರಡು ಸಲ ಕೊಡವಿಯೇ ಹಾಕಿದ್ದೆ, ಆದರೂ. ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಸೋಪಿನ ಪರಿಮಳ ಬಿಟ್ಟರೆ ಬೇರೆ ವಾಸನೆ ಇರುವುದಿಲ್ಲ. ಆ ಒದ್ದೆ ಮರಳಿಗೆ ಮಾತ್ರ ಇನ್ನೂ ಸ್ವಲ್ಪ ಉಪ್ಪಿನ ವಾಸನೆ ಇತ್ತು. ಇನ್ನೊಬ್ಬರು ಬಂದು ಗೊಣಗಬಾರದೆಂದು ಪೇಪರ್ ಟವೆಲಿನಿಂದ ಅದನ್ನು ಒರೆಸಿ ತೆಗೆದೆ. ಕಸದ ಬುಟ್ಟಿಯವರೆಗೆ ಹೋದೆ. ಆಮೇಲೆ ಯಾಕೋ ಮಡಿಚಿ ಜೇಬಿಗೆ ಹಾಕಿಕೊಂಡು ಮೇಲೆ ಬಂದೆ.

ಫೋನಿನಲ್ಲಿ ಒಂದು ಈಮೇಲ್ ಕಾಯುತ್ತಿತ್ತು. ಪೋರ್ಟೊ ರಿಕೋದಲ್ಲಿ ನಾನು ನಾಲ್ಕು ದಿನ ಉಳಿದಿದ್ದ ಸಣ್ಣ ವಸತಿಗೃಹದ ಬಗ್ಗೆ ಅಭಿಪ್ರಾಯ ಬರೆಯಿರಿ ಎನ್ನುವ ಮೂರನೆಯ ನೆನಪೋಲೆ. ತೆರೆದರೆ ಮೊದಲ ಪ್ರಶ್ನೆಯೇ, ನೀವು ಯಾರ ಜೊತೆ ಬಂದಿದ್ದಿರಿ ಎಂದು. ಕುಟುಂಬ, ಸಂಗಾತಿ, ಸ್ನೇಹಿತರು, ಒಬ್ಬರೇ. ಒಂದನ್ನು ಒತ್ತದೆ ಮುಂದಕ್ಕೆ ಬಿಡುವುದಿಲ್ಲ. ಇದಕ್ಕೇನು ಯೋಚನೆ, ಒತ್ತಿದರಾಯಿತು ಅನ್ನುತ್ತೀರಿ. ಎರಡು ವಾರದಿಂದ ನಾನೂ ನನಗೆ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ.

ಲವೀನಾ ನನ್ನ ರೂಮ್‌ಮೇಟ್ ಆಗಿ ಬಂದದ್ದು ಜನ ಇನ್ನೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ವರ್ಷ. ಅವಳ ಪೂರ್ತಿ ಮುಖ ನಾನು ನೋಡಿದ್ದು ಒಂದು ವಾರದ ಮೇಲೆ, ಅಡುಗೆಮನೆಯಲ್ಲಿ ಅವಳು ಮೀನು ಹುರಿಯುತ್ತಿದ್ದಾಗ. "ನಿಂಗೆ ವಾಸನೆ ಆಗುದಿಲ್ವಾ? ಕಿಟಕಿ ತೆರೀಲಿಕ್ಕೆ ಹೇಳ್ಬಹುದು ಮಾರಾಯ್ತಿ, ನಾನೇನು ತಿನ್ನುದಿಲ್ಲ ನಿನ್ನನ್ನು," ಅಂದಳು. ನನಗೆ ವಾಸನೆ ಆಗುತ್ತಿತ್ತು. ಪರವಾಗಿಲ್ಲ ಅಂದೆ. ಹೇಳಬೇಕಾದದ್ದನ್ನು ಹೇಳದೆ ಪರವಾಗಿಲ್ಲ ಅನ್ನುವುದು ನನ್ನ ಅಭ್ಯಾಸ. ಮೈಸೂರಿನಲ್ಲಿ ಇದನ್ನು ಒಳ್ಳೆಯ ಗುಣ ಎಂದೇ ಎಣಿಸುತ್ತಿದ್ದರು.

ಅವಳು ಮಂಗಳೂರಿನವಳು, ಸಮುದ್ರಕ್ಕೆ ಐದು ನಿಮಿಷ ನಡೆದರೆ ಸಾಕು ಅನ್ನುವಷ್ಟು ಹತ್ತಿರದ ಮನೆ. ಇಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ. ಮೊದಲ ಬೇಸಗೆಯಲ್ಲಿ ಅವಳನ್ನು ಕರೆದುಕೊಂಡು ಮೂರು ಗಂಟೆ ಡ್ರೈವ್ ಮಾಡಿ ಮೇರಿಲ್ಯಾಂಡಿನ ಬೀಚಿಗೆ ಹೋದೆ. ಸಂಜೆಯವರೆಗೂ ಅವಳು ಖುಷಿಯಾಗಿಯೇ ಇದ್ದಳು. ಸೂರ್ಯ ಇಳಿಯುವ ಹೊತ್ತಿಗೆ ಮುಖ ಸಪ್ಪೆ ಮಾಡಿಕೊಂಡು, "ಈ ಸಮುದ್ರ ಉಲ್ಟಾ ಉಂಟು," ಅಂದಳು. ಹಿಂತಿರುಗಿ ನೋಡಿದೆ. ಸೂರ್ಯ ನಮ್ಮ ಬೆನ್ನ ಹಿಂದೆ, ಪಾರ್ಕಿಂಗ್ ಲಾಟಿನ ಕಡೆ ಮುಳುಗುತ್ತಿದ್ದ. ಪೂರ್ವ ತೀರದಲ್ಲಿ ಸೂರ್ಯ ನೀರಿನಿಂದ ಹುಟ್ಟುತ್ತಾನೆ, ನೀರಿಗೆ ಇಳಿಯುವುದಿಲ್ಲ. ನಾನು ಅಷ್ಟು ವರ್ಷ ಇಲ್ಲಿದ್ದರೂ ಗಮನಿಸಿರಲಿಲ್ಲ. "ಇಷ್ಟು ದೂರ ಬಂದು ಕಾರುಗಳ ಹಿಂದೆ ಮುಳುಗುದನ್ನು ನೋಡ್ಬೇಕಾ?" ಎಂದು ಅವಳು ಎದ್ದು ಮರಳು ಕೊಡವಿಕೊಂಡಳು.

ವರ್ಕ್ ವೀಸಾಕ್ಕೆ ಇಲ್ಲಿ ಪ್ರತಿ ವರ್ಷ ಲಾಟರಿ ಎತ್ತುತ್ತಾರೆ. ನನ್ನ ಹೆಸರು ಮೊದಲ ವರ್ಷವೇ ಬಂದಿತ್ತು, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಲವೀನಾಳ ಹೆಸರು ಮೂರು ವರ್ಷವೂ ಬರಲಿಲ್ಲ, ಇನ್ನು ಇಲ್ಲಿ ಉಳಿಯುವ ಹಾಗಿರಲಿಲ್ಲ. ಮೂರನೆಯ ಸಲ ಗೊತ್ತಾದಾಗ ಅವಳು ಎರಡು ದಿನ ಲ್ಯಾಬಿಗೆ ಹೋಗಲಿಲ್ಲ. ಮೂರನೆಯ ದಿನ ಕೆನಡಾದ ಸಾಸ್ಕಟೂನಿನ ಒಂದು ಲ್ಯಾಬಿಗೆ ಅರ್ಜಿ ಹಾಕಿದಳು, ಕೆಲಸವೂ ಸಿಕ್ಕಿತು. ಮ್ಯಾಪಿನಲ್ಲಿ ಆ ಊರನ್ನು ಹುಡುಕಿ, ಎರಡು ಬೆರಳಲ್ಲಿ ಸಮುದ್ರದ ದೂರ ಅಳೆದು, "ನೋಡು, ಎಲ್ಲಾ ಬದಿಯಿಂದಲೂ ದೂರ," ಎಂದು ನಕ್ಕಳು. ಜುಲೈ ಕೊನೆಗೆ ಹೊರಡಬೇಕು. "ಅದಕ್ಕೆ ಮೊದಲು ಒಂದು ಸರಿಯಾದ ಸಮುದ್ರಕ್ಕೆ ಹೋಗುವ, ನಾವಿಬ್ಬರೇ. ಜಾಗ ನೀನೇ ಆರಿಸು."

ಜಾಗ ಆರಿಸುವುದು ಎಂದರೆ ನಮ್ಮಂಥವರು ಮೊದಲು ನೋಡುವುದು ಮರಳನ್ನಲ್ಲ, ಪಾಸ್‌ಪೋರ್ಟನ್ನು. ನನ್ನ ವೀಸಾದ ಮುದ್ರೆಯ ಅವಧಿ ಮುಗಿದಿತ್ತು. ದೇಶದೊಳಗೆ ಇರುವವರೆಗೆ ತೊಂದರೆಯಿಲ್ಲ. ಹೊರಗೆ ಕಾಲಿಟ್ಟರೆ ಒಳಗೆ ಬರಲು ಹೊಸ ಮುದ್ರೆ ಬೇಕು, ಅದಕ್ಕೆ ಯಾವ ಊರಿನಲ್ಲಿ ಎಷ್ಟು ತಿಂಗಳು ಕಾಯಬೇಕೋ ಯಾರಿಗೂ ಗೊತ್ತಿಲ್ಲ. ಕೆಳಗಿನ ಮಹಡಿಯ ಮೂರ್ತಿ ಅಂಕಲ್ ಮೆಟ್ಟಿಲ ಮೇಲೆ ಸಿಕ್ಕಾಗ ವಿಷಯ ಕೇಳಿ ಹೌಹಾರಿದರು. "ಕ್ಯಾರಿಬಿಯನ್ನಾ? ಸ್ಟ್ಯಾಂಪಿಂಗ್ ಇಲ್ದೆ ಬಹಾಮಾಸ್‌ಗೆ ಗಿಹಾಮಾಸ್‌ಗೆ ಹೋಗ್ಬಿಟ್ಟೀಯಮ್ಮ. ಪೋರ್ಟೊ ರಿಕೋ ಅಂದ್ರೆ ಇದೇ ದೇಶ, ಇಲ್ಲೇ ರಾಲಿ ಊರಿಗೆ ಹೋಗಿ ಬಂದಂಗೆ. ಅಲ್ಲೂ ಅದೇ ನೀರು ತಾನೇ?" ಹೀಗೆ ದ್ವೀಪವನ್ನು ಆರಿಸಿದ್ದು ಅವರು. ಆ ದ್ವೀಪದ ಪಶ್ಚಿಮ ತೀರವನ್ನು ಆರಿಸಿದ್ದು ಲವೀನಾ. ವಸತಿಗೃಹ ಮಾತ್ರ ನನ್ನ ಪಾಲಿಗೆ ಉಳಿಯಿತು.

ಅವಳು ಕೇಳಿದ್ದು ಎರಡೇ. "ಸೂರ್ಯ ಸಮುದ್ರಕ್ಕೇ ಇಳೀಬೇಕು. ಮತ್ತೆ ಮಲಗಿದಲ್ಲಿಗೆ ಸಮುದ್ರ ಕೇಳ್ಬೇಕು. ಬಾಕಿದೆಲ್ಲ ನೀನೇ ನೋಡು."

ಬಾಕಿದೆಲ್ಲ ನಾನು ನೋಡಿದೆ. ನನ್ನ ಉದ್ಯೋಗ ಔಷಧ ಪ್ರಯೋಗಗಳ ಅಂಕಿಗಳಲ್ಲಿ ತಪ್ಪು ಹುಡುಕುವುದು. ಅದೇ ಶ್ರದ್ಧೆಯಿಂದ ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ತೊಂಬತ್ತು ಸಾಲು, ಸಾಲಿಗೊಂದು ಹೋಟೆಲು ಅಥವಾ ವಸತಿಗೃಹ. ಕೋಣೆಯಲ್ಲಿ ಒಲೆ ಇದೆಯೇ ಎನ್ನುವುದಕ್ಕೆ ಒಂದು ಕಾಲಂ, ರೈಸ್ ಕುಕ್ಕರ್ ಇಡಲು ಪ್ಲಗ್ ಹತ್ತಿರ ಜಾಗವಿದೆಯೇ ಎನ್ನುವುದಕ್ಕೆ ಇನ್ನೊಂದು. ಜಿರಳೆ, ಪಾರ್ಕಿಂಗ್, ಬಾತ್‌ರೂಮಿನಲ್ಲಿ ಮಗ್. ಮಗ್ಗಿನ ಕಾಲಂ ಪೂರ್ತಿ ಖಾಲಿಯೇ ಉಳಿಯಿತು, ಆದರೂ ಅದನ್ನು ಅಳಿಸಲಿಲ್ಲ. ಸಂಜೆ ಕೆಲಸ ಮುಗಿಸಿ ಅಪರಿಚಿತರ ಅಭಿಪ್ರಾಯಗಳನ್ನು ಓದುತ್ತ ಕೂರುತ್ತಿದ್ದೆ. ಟೆಕ್ಸಸ್‌ನ ಯಾವುದೋ ದಂಪತಿಗೆ ತಲೆದಿಂಬು ಗಟ್ಟಿಯಾದದ್ದು, ಯಾರದೋ ಮಗುವಿಗೆ ಅನಾನಸ್ ಸೇರದೆ ಹೋದದ್ದು ಎಲ್ಲ ನನಗೆ ಬಾಯಿಪಾಠವಾಯಿತು. ಲವೀನಾ ಹಿಂದಿನಿಂದ ಇಣುಕಿ, "ಇದೆಂತದು, ಹೆಣ್ಣು ನೋಡ್ಲಿಕ್ಕೆ ಹೋದ ಹಾಗೆ. ಯಾವುದಾದ್ರೂ ಒಂದು ಬುಕ್ ಮಾಡು," ಅನ್ನುತ್ತಿದ್ದಳು. "ಇನ್ನೊಂದೆರಡು ನೋಡ್ತೀನಿ ಕಣೇ," ಅನ್ನುತ್ತಿದ್ದೆ.

ಮೇ ಹೋಯಿತು, ಜೂನ್ ಹೋಯಿತು. ಜುಲೈನಲ್ಲಿ ಅವಳು ಕೇಳುವುದನ್ನು ನಿಲ್ಲಿಸಿದಳು. ನಾವು ಹೋಗಲಿಲ್ಲ. ಹೊರಡುವ ದಿನ ಏರ್‌ಪೋರ್ಟಿನಲ್ಲಿ ಸೂಟ್‌ಕೇಸನ್ನು ಕಾರಿನಿಂದ ಇಳಿಸಿಕೊಂಡು, ನನ್ನ ಮುಖ ನೋಡದೆ, "ನನ್ನೊಟ್ಟಿಗೆ ಬರ್ಲಿಕ್ಕೆ ಮನಸ್ಸಿಲ್ಲ ಅಂತ ಸೀದಾ ಹೇಳ್ಬಹುದಿತ್ತು. ನಂಗೇನೂ ಆಗ್ತಿರ್ಲಿಲ್ಲ," ಅಂದಳು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಕಾರು ಮುಂದಕ್ಕೆ ತೆಗೆದೆ. ಆಮೇಲೆ ಎರಡು ವರ್ಷ ನಮ್ಮ ನಡುವೆ ಓಡಾಡಿದ್ದು ಹುಟ್ಟುಹಬ್ಬದ ಮತ್ತು ಕ್ರಿಸ್‌ಮಸ್ಸಿನ ಶುಭಾಶಯಗಳು ಮಾತ್ರ. ಅವಳ ಕೋಣೆಯನ್ನು ಇನ್ನೊಬ್ಬರಿಗೆ ಕೊಡಲಿಲ್ಲ. ಬಟ್ಟೆ ಒಣಗಿಸಲು ಬೇಕಾಗುತ್ತದೆ ಎಂದು ಕೇಳಿದವರಿಗೆಲ್ಲ ಹೇಳಿದೆ.

ನಮ್ಮ ಪ್ರವಾಸ ತಪ್ಪಿಹೋದರೂ ಶೀಟ್ ಬದುಕಿಕೊಂಡಿತು. ನಮ್ಮವರಲ್ಲಿ ಮುದ್ರೆಯ ಅವಧಿ ಮುಗಿದವರು ಕಡಿಮೆಯೇನಲ್ಲ. ಕೈಯಿಂದ ಕೈಗೆ ದಾಟಿ ಅದು ಪಕ್ಕದ ವರ್ಜೀನಿಯಾದ ರೆಸ್ಟನ್‌ವರೆಗೂ ಹೋಯಿತು. ಅದನ್ನು ನಂಬಿ ಮೂರು ಸಂಸಾರಗಳು ಆ ದ್ವೀಪಕ್ಕೆ ಹೋಗಿ, ಅನ್ನ ಸಾರು ಮಾಡಿಕೊಂಡು ಉಂಡು, ಮೈ ಕಪ್ಪಗೆ ಮಾಡಿಕೊಂಡು ಬಂದವು. ಈ ಫೆಬ್ರವರಿಯಲ್ಲಿ ಮೂರ್ತಿ ಅಂಕಲ್ ಸರದಿ. ಅವರು ಇಡೀ ಆಯುಷ್ಯ ಇಂಜಿನಿಯರಾಗಿ ದುಡಿದವರು. ಫೋನ್ ಮಾಡಿ, "ನಿನ್ನ ಲಿಸ್ಟಲ್ಲಿ ಅರವತ್ತೊಂದನೇ ಸಾಲು ಆದ್ಮೇಲೆ ಅರವತ್ಮೂರು ಬರುತ್ತೆ. ಅರವತ್ತೆರಡು ಎಲ್ಲಿ ಹೋಯ್ತಮ್ಮ?" ಅಂದರು.

"ಅದು ಸರಿ ಇಲ್ಲ ಅಂಕಲ್, ಗದ್ದಲ," ಅಂದೆ. ನೋಡದೆಯೇ ಹೇಳಿದೆ. ಅಂದರೆ ಎರಡು ವರ್ಷದ ಮೇಲೂ ನನಗೆ ಅದು ನೆನಪಿತ್ತು.

ಫೋನಿಟ್ಟು ಆ ಸಾಲನ್ನು ತೆರೆದೆ. ಬಚ್ಚಿಟ್ಟದ್ದು ನಾನೇ. ಪಶ್ಚಿಮ ತೀರದ, ಆರೇ ಕೋಣೆಗಳ ಒಂದು ಹಳೆಯ ವಸತಿಗೃಹ. ಅದಕ್ಕೆ ಒಬ್ಬ ಪ್ರವಾಸಿ ಒಂದೇ ನಕ್ಷತ್ರ ಕೊಟ್ಟಿದ್ದ. ರಾತ್ರಿಯಿಡೀ ಸಮುದ್ರದ ಸದ್ದಿಗೆ ನಿದ್ದೆ ಬರಲಿಲ್ಲ, ಕೋಣೆ ಬದಲಿಸಿ ಕೊಡಿ ಎಂದು ಕೇಳಿದೆ, ಪಕ್ಕದ ಕೋಣೆಯಲ್ಲೂ ಅದೇ ಸದ್ದು ಎಂದು ಬರೆದಿದ್ದ. ಅವತ್ತು ಇದನ್ನು ಓದಿ ಗಟ್ಟಿಯಾಗಿ ನಕ್ಕಿದ್ದೆ. ಲವೀನಾ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಕರೆಯಲು ಬಾಯಿ ತೆರೆದೆ. "ಎಂತ ನಗುದು?" ಎಂದು ಅವಳೇ ಕೇಳಿದಳು. "ಏನಿಲ್ಲ," ಅಂದೆ. ಷರಾ ಬರೆಯುವಲ್ಲಿ 'ಗದ್ದಲ' ಎಂದು ಬರೆದು ಸಾಲನ್ನು ಮರೆ ಮಾಡಿದೆ. ಅದು ಮೇ ತಿಂಗಳ ಎರಡನೆಯ ವಾರ.

ಈ ವಸಂತದಲ್ಲಿ ಆ ಕೋಣೆಯನ್ನು ಬುಕ್ ಮಾಡಿದೆ. ಅತಿಥಿಗಳೆಷ್ಟು ಎನ್ನುವಲ್ಲಿ ಹಳೆಯ ಅಭ್ಯಾಸದಿಂದ ಎರಡು ಎಂದು ಹಾಕಿದ್ದು ನನಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆಯೇ. ಹಾಸಿಗೆಯ ಮೇಲೆ ಎರಡು ಟವೆಲ್ ಮಡಿಸಿಟ್ಟಿದ್ದರು, ಮೇಜಿನ ಮೇಲೆ ಎರಡು ಗ್ಲಾಸು. ಮನೆಯೊಡತಿ ನನ್ನ ಹಿಂದೆ ಬಾಗಿಲ ಕಡೆ ನೋಡಿ, ಇನ್ನೊಬ್ಬರು ತಡವಾಗಿ ಬರುತ್ತಾರಾ ಎಂದು ಕೇಳಿದಳು. ಬರುವುದಿಲ್ಲ ಅಂದೆ. ಅನ್ನ ಮಾಡಿದೆ, ಸಾರಿನ ಪುಡಿ ಒಯ್ದಿದ್ದೆ. ಸಂಜೆ ಸೂರ್ಯ ಸರಿಯಾಗಿ ನೀರಿಗೇ ಇಳಿದ. ಅಕ್ಕಪಕ್ಕದವರೆಲ್ಲ ಫೋನ್ ಎತ್ತಿ ಫೋಟೋ ತೆಗೆದರು. ನಾನು ಕೈಕಟ್ಟಿ ಕುಳಿತು, ಮುಳುಗಿ ಮುಗಿಯುವವರೆಗೂ ನೋಡಿದೆ.

ಸದ್ದಿನ ವಿಷಯದಲ್ಲಿ ಆ ಒಂದು ನಕ್ಷತ್ರದ ಮನುಷ್ಯ ಸುಳ್ಳು ಹೇಳಿರಲಿಲ್ಲ. ಕೆರೆಗಳ ಊರಿನವಳು ನಾನು, ನಾಲ್ಕು ದಿನವೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಯ ದಿನ ಬೆಳಕು ಹರಿಯುವಾಗ ಫೋನನ್ನು ದಿಂಬಿನ ಮೇಲಿಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡೆ. ಅದನ್ನು ಯಾರಿಗೂ ಕಳಿಸಲಿಲ್ಲ.

ಮರಳು ಮಡಿಚಿಟ್ಟಿದ್ದ ಪೇಪರ್ ಟವೆಲನ್ನು ಈಗ ಜೇಬಿನಿಂದ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಬಿಡಿಸಿದೆ. ಆ ರೆಕಾರ್ಡಿಂಗನ್ನು ಲವೀನಾಗೆ ಕಳಿಸಿದೆ. ಅದರ ಹಿಂದೆಯೇ ಒಂದು ವಾಯ್ಸ್ ಮೆಸೇಜ್. ಬರೆದರೆ ತಿದ್ದುತ್ತ ಕೂರುತ್ತೇನೆಂದು ಗೊತ್ತಿತ್ತು. "ಲವೀನಾ, ಇದು ಪೋರ್ಟೊ ರಿಕೋ. ಮಲಗಿದ್ದಲ್ಲೇ ಕೇಳುತ್ತೆ. ಈ ಜಾಗ ಅವತ್ತು ಮೇ ತಿಂಗಳಲ್ಲೇ ಸಿಕ್ಕಿತ್ತು ಕಣೇ, ನಾನು ಹೇಳಲಿಲ್ಲ. ಬುಕ್ ಮಾಡಿದ್ರೆ ನಾವು ಹೋಗಿ ಬರೋದು, ಆಮೇಲೆ ನೀನು ಹೊರಡೋದು, ಎಲ್ಲ ಆಗಿಬಿಡುತ್ತೆ ಅನ್ನಿಸ್ತು. ಮನಸ್ಸಿಲ್ಲದೆ ಅಲ್ಲ."

ಬಟ್ಟೆ ಮಡಿಸಿದೆ. ಅರ್ಧ ಗಂಟೆಯಾಯಿತು. ಫೋನನ್ನು ಮಗುಚಿಟ್ಟು ಇನ್ನೊಮ್ಮೆ ಮಡಿಸಿದೆ. ಆಮೇಲೆ ಅವಳ ಧ್ವನಿ ಬಂತು, ಹಿಂದೆ ಯಾವುದೋ ಲ್ಯಾಬಿನ ಯಂತ್ರದ ಗುಂಯ್‌ಗುಡುವಿಕೆ.

"ಹತ್ತು ನಿಮಿಷವೂ ಕೇಳಿದೆ. ಅಲ್ಲಿ ಕಲ್ಲುಂಟಲ್ಲಾ? ಬರೀ ಮರಳಾದ್ರೆ ಅಲೆ ಹಾಗೆ ಎರಡೆರಡು ಸಲ ಒಡೆಯುದಿಲ್ಲ." ಅವಳು ಯಂತ್ರದಿಂದ ದೂರ ಸರಿದಿರಬೇಕು, ಸದ್ದು ಕಡಿಮೆಯಾಯಿತು. "ನೀನು ಹೇಳ್ಬೇಕಿತ್ತು ಮಾರಾಯ್ತಿ. ನಂಗೆ ಎರಡು ವರ್ಷ ಬೇರೆಯೇ ಕಂಡಿತು. ನಿದ್ರೆ ಬಂತಾ ನಿಂಗೆ?"

ಕಲ್ಲಿತ್ತು, ಕಿಟಕಿಯ ಕೆಳಗೇ. ಹೌದು ಎಂದು ಬರೆದೆ. ನಿದ್ದೆ ಬರಲಿಲ್ಲ ಎಂದೂ ಬರೆದೆ.

"ಅದು ಮತ್ತೆ, ಮೈಸೂರಿನವರು," ಎಂದು ಉತ್ತರ ಬಂತು. "ಸ್ಯಾಂಪಲ್ ತೆಗೀಲಿಕ್ಕುಂಟು. ಆಮೇಲೆ ಮಾತಾಡುವ." ಆಮೇಲೆ ಎಂದರೆ ಯಾವಾಗ ಎಂದು ಕೇಳಲಿಲ್ಲ. ಹೊರಗೆ ಯಾರೋ ಕಾರು ನಿಲ್ಲಿಸಿ ಬಾಗಿಲು ಹಾಕಿದರು.

ಈಮೇಲ್ ತೆರೆದೆ. ಯಾರ ಜೊತೆ ಬಂದಿದ್ದಿರಿ ಎನ್ನುವಲ್ಲಿ 'ಒಬ್ಬರೇ' ಎಂದು ಒತ್ತಿದೆ. ಅಂಕಿಗಳಲ್ಲಿ ತಪ್ಪು ಹುಡುಕುವವಳು ತಾನೇ ತಪ್ಪು ತುಂಬಬಾರದು. ಅಭಿಪ್ರಾಯದ ಜಾಗದಲ್ಲಿ, ಮಲಗಿದಲ್ಲಿಗೆ ಸಮುದ್ರ ಕೇಳುತ್ತದೆ, ಕಿಟಕಿಯ ಕೆಳಗೆ ಕಲ್ಲಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಆಮೇಲೆ ಶೀಟ್ ತೆರೆದು, ಮೂರ್ತಿ ಅಂಕಲ್‌ಗೂ ಕಾಣುವ ಹಾಗೆ ಅರವತ್ತೆರಡನೆಯ ಸಾಲನ್ನು ಹೊರಗೆ ತಂದೆ. 'ಗದ್ದಲ' ಎಂಬುದನ್ನು ಅಳಿಸಿದೆ. ಮಗ್ಗಿನ ಕಾಲಮ್ಮಿನ ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿ, ತಲೆಬರಹದಲ್ಲಿ ಸಮುದ್ರ ಕೇಳುತ್ತದೆಯೇ ಎಂದು ಹಾಕಿದೆ. ಅರವತ್ತೆರಡರ ಮುಂದೆ ಹೌದು ಎಂದು ತುಂಬಿದೆ. ಉಳಿದ ಎಂಬತ್ತೊಂಬತ್ತು ಚೌಕಗಳು ಖಾಲಿ ಇವೆ. ಅವಕ್ಕೆ ಇಲ್ಲಿ ಕುಳಿತು ಉತ್ತರ ತುಂಬಲು ಬರುವುದಿಲ್ಲ.